ಮೇಸ್ತ್ರಿ ಕೊಟ್ಟ ಪಿಸ್ತೂಲು

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಅನುಮಾನಪಡುವುದರಲ್ಲಿ ಎತ್ತಿದ ಕೈ. ಚಹಾಕ್ಕೆ ಸಕ್ಕರೆ ಕಮ್ಮಿ ಬಿದ್ದಿದ್ದರೆ ಬೇರೆಯವರು ಇನ್ನೊಂದು ಚಮಚ ಹಾಕಿಸಿಕೊಳ್ಳುತ್ತಾರೆ. ಭಾವ ಲೋಟ ಕೆಳಗಿಟ್ಟು, "ಇವತ್ಯಾಕೆ ಕಮ್ಮಿ?" ಎಂದು ಅಕ್ಕನ ಮುಖವನ್ನೇ ನೋಡುತ್ತಾರೆ. ಬೀಗ ಹಾಕಿದ ಮೇಲೆ ಜಗ್ಗಿ ನೋಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಇವರು ಜಗ್ಗಿ, ಬೀದಿಯ ತಿರುವಿನವರೆಗೆ ಹೋಗಿ, ಜಗ್ಗಿದ್ದು ನಿಜವೋ ಭ್ರಮೆಯೋ ಎಂದು ವಾಪಸ್ಸು ಬರುತ್ತಾರೆ. ಹೆಣ್ಣು ನೋಡಲು ಬಂದ ದಿನ ನಮ್ಮಪ್ಪನ ಕನ್ನಡಕ ತೆಗೆಸಿ ಬೆಳಕಿಗೆ ಹಿಡಿದು, "ನಿಮಗೆ ಈ ಗಾಜು ಕೂರಿಸಿದವನು ಮೋಸ ಮಾಡಿದಾನೆ" ಎಂದಿದ್ದರಂತೆ. ಅಪ್ಪನಿಗೆ ಅದೇ ಹಿಡಿಸಿತು. ಅಕ್ಕನಿಗೆ ಆಗಲೇ ಹೆದರಿಕೆಯಾಯಿತು.

ಭಾವನ ಕಸುಬೇ ಅಂಥದ್ದು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಸಾಣೆ ಹಿಡಿಯುವುದು. ಒಂದು ಕಣ್ಣಿಗೆ ಸಣ್ಣ ಭೂತಗನ್ನಡಿ ಸಿಕ್ಕಿಸಿಕೊಂಡು ದಿನವಿಡೀ ಗೀರು, ಗುಳ್ಳೆ, ಬೆರಳಿನ ಗುರುತು ಹುಡುಕುತ್ತಾರೆ. ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದನ್ನು ಒರೆಸುತ್ತಾರೆ, ಮತ್ತೆ ನೋಡುತ್ತಾರೆ, ಮತ್ತೆ ಒರೆಸುತ್ತಾರೆ. ಆ ಕೋಣೆಯಲ್ಲಿ ಕೈ ಊರಲು ನನಗೂ ಭಯ.

ಇವರನ್ನು 'ಭೂತ' ಎಂದು ಕರೆಯುವ ಧೈರ್ಯ ಇದ್ದದ್ದು ಒಬ್ಬರಿಗೇ, ಮೇಸ್ತ್ರಿಗೆ. ಭೂತಗನ್ನಡಿಯನ್ನು ಅರ್ಧಕ್ಕೆ ಕತ್ತರಿಸಿ ಅವರು ಇಟ್ಟ ಹೆಸರು ಅದು. ಮೇಸ್ತ್ರಿ ಮರಗೆಲಸದವರು, ಭಾವನ ವಾರಿಗೆಯವರು, ಗಟ್ಟಿ ಗಂಟಲಿನವರು. ನಾವು ಮೂವರೂ ಊರಾಚೆಯ ಶೂಟಿಂಗ್ ಕ್ಲಬ್ಬಿನ ಸದಸ್ಯರು. ನಾನು ಹೊಡೆದ ಗುಂಡು ಟಾರ್ಗೆಟ್ ಕಾಗದಕ್ಕೆ ತಗುಲಿದರೆ ಅದೇ ಸಂಭ್ರಮ, ನನ್ನ ಮಾತು ಬಿಡಿ. ಮೇಸ್ತ್ರಿಯ ಹೆಸರು ಕ್ಲಬ್ಬಿನ ಗೋಡೆಯ ಹಲಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇತ್ತು. ಅವರು ಎಂದೋ ಗಳಿಸಿದ ಅಂಕವನ್ನು ಆಮೇಲೆ ಯಾರೂ ದಾಟಿರಲಿಲ್ಲ.

ಮೇಸ್ತ್ರಿಗೆ ಕಣ್ಣು ಮಂಜಾದಾಗ ಅವರು ತಮ್ಮ ಪಿಸ್ತೂಲನ್ನು ಭಾವನಿಗೇ ಕೊಟ್ಟುಬಿಟ್ಟರು. ಪಾಯಿಂಟ್ ಟೂ ಟೂ ಗುಂಡಿನ, ಗುರಿ ಸ್ಪರ್ಧೆಗೆಂದೇ ಮಾಡಿದ ಪಿಸ್ತೂಲು. ಕೊಡುವ ಮೊದಲು ಅದನ್ನು ಹೊಸದಾಗಿಯೇ ಮಾಡಿದರು ಅನ್ನಬೇಕು. ಭಾವನ ಅಂಗೈ ಅಚ್ಚನ್ನು ಮೆತ್ತನೆಯ ಮೇಣದಲ್ಲಿ ತೆಗೆದುಕೊಂಡು, ಅಕ್ರೋಟ್ ಮರದ ತುಂಡಿನಲ್ಲಿ ಹೊಸ ಹಿಡಿಕೆ ಕೆತ್ತಿದರು. ಕೆತ್ತುವುದು, ಭಾವನ ಕೈಗೆ ಕೊಡುವುದು, ಎಲ್ಲಿ ಒತ್ತುತ್ತದೆ ಎಂದು ಕೇಳುವುದು, ಮತ್ತೆ ಉಪ್ಪುಕಾಗದ ಉಜ್ಜುವುದು. ಕೊನೆಗೆ ಭಾವ ಕಣ್ಣು ಮುಚ್ಚಿ ಪಿಸ್ತೂಲು ಎತ್ತಿದರೂ ಹಿಂದಿನ ಗುರಿಕಂಡಿಯ ನಡುವೆ ಮುಂದಿನ ಗುರಿಮೊನೆ ತಾನಾಗಿಯೇ ಬಂದು ನಿಲ್ಲುತ್ತಿತ್ತು. ಆ ದಿನ ಮೇಸ್ತ್ರಿ ಒಂದೇ ಒಂದು ಬುದ್ಧಿಮಾತು ಹೇಳಿದರು.

"ನೋಡೋ ಭೂತ, ನಿನ್ನ ಗಾಜಿನ ಥರ ಇದನ್ನ ತಿಕ್ಕಬೇಡ. ಈ ಗುಂಡುಗಳಿಗೆ ಮೇಣ ಸವರಿರ್ತಾರೆ. ಅದು ನಳಿಗೆ ಒಳಗೆ ತೆಳ್ಳಗೆ ಕೂತ್ರೇನೇ ಗುಂಡು ನೆಟ್ಟಗೆ ಹೋಗೋದು. ಮೇಲ್ಮೇಲೆ ಒರೆಸು, ಒಂದು ಹನಿ ಎಣ್ಣೆ ಬಿಡು, ಸಾಕು. ನಳಿಗೆ ತಂಟೆಗೆ ಹೋಗ್ಬೇಡ."

ಭಾವ ತಲೆಯಾಡಿಸಿದರು. ದಾರಿಯಲ್ಲಿ ನನ್ನ ತೋಳು ಹಿಡಿದು, "ಕೊಳೆ ಹಾಗೇ ಇಟ್ಕೋ ಅಂತಾನಲ್ಲ, ಏನಿರಬಹುದು ಅವನ ಮನಸ್ಸಲ್ಲಿ?" ಎಂದರು.

"ನಿಮ್ಮ ಒಳ್ಳೇದಕ್ಕೇ ಹೇಳಿದ್ದು ಭಾವ."

"ಇಷ್ಟು ಒಳ್ಳೇ ಪಿಸ್ತೂಲು ಸುಮ್ನೆ ಕೊಡ್ತಾರಾ ಯಾರಾದ್ರೂ?"

ನಾನು ನಕ್ಕುಬಿಟ್ಟೆ. ಭಾವ ನಗಲಿಲ್ಲ.

ಮೊದಲ ಕೆಲವು ವಾರ ಪಿಸ್ತೂಲು ಹೇಳಿದಂತೆ ಕೇಳಿತು. ಟಾರ್ಗೆಟ್ ಕಾಗದದ ನಟ್ಟನಡುವಿನ ಹತ್ತರ ಬಳೆಯೊಳಗೆ ತೂತಿನ ಪಕ್ಕದಲ್ಲೇ ತೂತು. ವಾರ್ಷಿಕ ಸ್ಪರ್ಧೆಯಲ್ಲಿ ಮೇಸ್ತ್ರಿಯ ಅಂಕ ದಾಟಬಹುದು ಎಂದು ಕ್ಲಬ್ಬಿನವರು ಮಾತಾಡಿಕೊಂಡರು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಭಾವನ ತಲೆಗೆ ಹುಳ ಹೊಕ್ಕಿತು. ತನ್ನ ಹೆಸರು ಕೆಳಗಿಳಿಯುವುದನ್ನು ಯಾರು ತಾನೇ ನೋಡಿಕೊಂಡಿರುತ್ತಾರೆ? ಪಿಸ್ತೂಲು ಇರುವುದು ಕ್ಲಬ್ಬಿನ ಕಪಾಟಿನಲ್ಲಿ. ಕಪಾಟಿನ ಇನ್ನೊಂದು ಕೀಲಿ ಇರುವುದು, ಅಲ್ಲಿನ ರಿಪೇರಿಯನ್ನೆಲ್ಲ ನೋಡಿಕೊಳ್ಳುವ ಮೇಸ್ತ್ರಿಯ ಹತ್ತಿರ.

ಅಲ್ಲಿಂದ ಶುರುವಾಯಿತು ತಪಾಸಣೆ. ಕ್ಲಬ್ಬಿಗೆ ಹೋದ ತಕ್ಷಣ ಭಾವ ಪಿಸ್ತೂಲು ಬಿಚ್ಚುತ್ತಿದ್ದರು. ಜೇಬಿನಲ್ಲಿದ್ದ ಕನ್ನಡಕದ ಸಣ್ಣ ಸ್ಕ್ರೂಡ್ರೈವರಿನಲ್ಲೇ ಹಿಡಿಕೆಯ ಸ್ಕ್ರೂ ತೆಗೆದು, ಒಳಗೆಲ್ಲ ಭೂತಗನ್ನಡಿ ಆಡಿಸುತ್ತಿದ್ದರು. ನಳಿಗೆಗೆ ಬಟ್ಟೆ ಸುತ್ತಿದ ಸರಳು ಹಾಕಿ, ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ತಿಕ್ಕುತ್ತಿದ್ದರು. ಆಮೇಲೆ ಗುಂಡು ಹಾರಿಸಿದರೆ ಒಂದು ಮೇಲೆ, ಒಂದು ಎಡಕ್ಕೆ, ಒಂದು ದೇವರಿಗೇ ಪ್ರೀತಿ. ಬಹಳ ಹೊತ್ತಾದ ಮೇಲೆ ಗುಂಡುಗಳು ನಿಧಾನವಾಗಿ ನಡುವಿಗೆ ಸೇರುತ್ತಿದ್ದವು. ಅಷ್ಟರಲ್ಲಿ ಅಭ್ಯಾಸದ ಹೊತ್ತು ಮುಗಿದು, ಭಾವ ಮತ್ತೆ ಸರಳು ಕೈಗೆತ್ತಿಕೊಳ್ಳುತ್ತಿದ್ದರು.

ಮನೆಯಲ್ಲಿ ಅಕ್ಕನಿಗೂ ನೆಮ್ಮದಿ ಇರಲಿಲ್ಲ. "ಮೇಸ್ತ್ರಿ ಮನೆಯವಳು ನಿನ್ನ ಹತ್ರ ಏನಾದ್ರೂ ಕೇಳಿದ್ಲಾ?" ಎಂದು ಒಂದು ದಿನ ವಿಚಾರಣೆ. "ಕೇಳಿದ್ಲು," ಅಂದಳು ಅಕ್ಕ, "ನಿಮ್ಮೆಜಮಾನ್ರು ಯಾಕೆ ಸೊರಗಿದಾರೆ ಅಂತ. ತಲೆ ಒಳಗೆ ಹುಳ ಸಾಕಿದಾರೆ, ಊಟ ಎಲ್ಲ ಅದಕ್ಕೇ ಹೋಗತ್ತೆ ಅಂದೆ."

ಸ್ಪರ್ಧೆ ಹತ್ತಿರ ಬಂದಾಗ ಒಂದು ಭಾನುವಾರ ಭಾವ ಸಿಡಿದರು. ಎಲ್ಲರೂ ಚಹಾ ಕುಡಿಯುತ್ತಿದ್ದ ಹೊತ್ತು. ಹಿಡಿಕೆಯ ಸ್ಕ್ರೂವನ್ನು ಅಂಗೈಯಲ್ಲಿಟ್ಟು ಮೇಸ್ತ್ರಿಯ ಮುಂದೆ ಚಾಚಿದರು.

"ಇದರ ತಲೆ ಮೇಲೆ ಗೀರಿದೆ. ಯಾರೋ ಬಿಚ್ಚಿದಾರೆ."

"ಯಾರು ಬಿಚ್ತಾರೋ ಭೂತ?" ಮೇಸ್ತ್ರಿ ನಗುತ್ತಲೇ ಕೇಳಿದರು.

"ಕೀಲಿ ಇರೋರು. ಹಲಗೆ ಮೇಲೆ ಹೆಸರು ಇರೋರು."

ಮೇಸ್ತ್ರಿಯ ನಗು ಹಾಗೇ ಮುಖದ ಮೇಲೆ ಉಳಿಯಿತು, ಕಣ್ಣಿನ ಕಳೆ ಮಾತ್ರ ಆರಿತು. ನನಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಮೇಸ್ತ್ರಿ ಜೇಬಿನಿಂದ ಕೀಲಿಗೊಂಚಲು ತೆಗೆದರು. ಅದರಿಂದ ಕಪಾಟಿನ ಕೀಲಿ ಬಿಡಿಸತೊಡಗಿದರು. ಉಳಿ ಹಿಡಿದು ದಪ್ಪಗಾದ ಬೆರಳುಗಳಿಗೆ ಗೊಂಚಲಿನ ಬಳೆ ಬಿಡಿಸುವುದು ಕಷ್ಟವಾಯಿತು, ಎಲ್ಲರೂ ನೋಡುತ್ತ ನಿಂತಿದ್ದರು, ಯಾರೂ ಕೈಜೋಡಿಸಲಿಲ್ಲ. ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಮರುದಿನದಿಂದ ಕ್ಲಬ್ಬಿನ ಕಡೆ ತಲೆಹಾಕಲಿಲ್ಲ.

ಇಷ್ಟಾದ ಮೇಲಾದರೂ ಪಿಸ್ತೂಲು ಸರಿಹೋಗಬೇಕಿತ್ತಲ್ಲ? ಹೋಗಲಿಲ್ಲ. ಭಾವ ಇನ್ನೂ ಜೋರಾಗಿ ತಿಕ್ಕಿದರು, ಗುಂಡುಗಳು ಇನ್ನೂ ಚೆದುರಿದವು.

"ನಕಲಿ ಕೀಲಿ ಮಾಡಿಸಿರ್ತಾನೆ," ಎಂದರು ನನಗೆ.

"ಭಾವ, ಸಾಕು ಮಾಡಿ. ಅವರು ಈ ಕಡೆ ಬರೋದೇ ಬಿಟ್ಟಿದಾರೆ."

"ನಾವಿಲ್ದಾಗ ಬರ್ತಾನೋ ಏನೋ, ನಿನಗೇನು ಗೊತ್ತು? ಈ ಸಲ ರೆಡ್‌ಹ್ಯಾಂಡಾಗಿ ಸಿಕ್ಕಿಬೀಳಬೇಕು."

ಬಲೆ ಹೀಗಿತ್ತು: ಸ್ಪರ್ಧೆಗೆ ಹಿಂದಿನ ವಾರ ಕೊನೆಯ ಅಭ್ಯಾಸ ಮುಗಿದ ಕೂಡಲೇ, ಒಂದು ಕ್ಷಣವೂ ತಡಮಾಡದೆ, ಸರಳನ್ನೂ ಕೈಗೆತ್ತಿಕೊಳ್ಳದೆ, ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು, ಗಾಜು ಕೂರಿಸುವಾಗ ಬಳಸುವ ತೆಳು ಅಂಟುಪಟ್ಟಿಯನ್ನು ಮುಚ್ಚಳದ ಸಂದಿಗೆ ಸುತ್ತಲೂ ಅಂಟಿಸಿದರು. ಒಮ್ಮೆ ಕಿತ್ತರೆ ಮತ್ತೆ ಅಂಟುವ ಪಟ್ಟಿಯಲ್ಲ ಅದು. ಅದರ ಮೇಲೆ ಅಡ್ಡಡ್ಡ ಸಹಿ ಬೇರೆ. ಸ್ಪರ್ಧೆಯವರೆಗೆ ಪಿಸ್ತೂಲು ಇಲ್ಲೇ ಇರುತ್ತದೆ, ತಾವು ಬರುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆ ವಾರ ಅವರು ಮನೆಯಲ್ಲಿ ಪಂಜರದ ಹಕ್ಕಿಯಂತೆ ಚಡಪಡಿಸಿದರು. ತಿಕ್ಕಲು ಪಿಸ್ತೂಲಿರಲಿಲ್ಲ. ಅಕ್ಕನ ಪಾತ್ರೆಗಳು ಫಳಫಳ ಹೊಳೆದವು.

ಸ್ಪರ್ಧೆಯ ದಿನ ಕಪಾಟು ತೆರೆದಾಗ ಭಾವ ಪೆಟ್ಟಿಗೆಯನ್ನು ಭೂತಗನ್ನಡಿಯಲ್ಲಿ ಸುತ್ತಲೂ ನೋಡಿದರು. ಪಟ್ಟಿ ಹಾಗೇ ಇತ್ತು. ಸಹಿಯ ಒಂದು ಗೆರೆಯೂ ಕದಲಿರಲಿಲ್ಲ. ಅವರ ಮುಖ ಸಪ್ಪಗಾಯಿತು. ಕಳ್ಳ ಸಿಕ್ಕಲಿಲ್ಲ ಎಂಬ ನಿರಾಸೆ ಅದು, ನಾನು ಕಣ್ಣಾರೆ ಕಂಡೆ. ಅಭ್ಯಾಸಬಲದಿಂದ ಸರಳಿಗೆ ಬಟ್ಟೆ ಸುತ್ತತೊಡಗಿದರು. ಅಷ್ಟರಲ್ಲಿ ಅವರ ಸರದಿ ಕೂಗಿದರು. ಸರಳು, ಬಟ್ಟೆ ಬೆಂಚಿನ ಮೇಲೇ ಉಳಿದವು.

ಮೊದಲ ಗುಂಡು ಹತ್ತರ ಬಳೆಗೆ ಬಿತ್ತು. ಎರಡನೆಯದೂ ಅದರ ಮಗ್ಗುಲಿಗೇ. ಭಾವ ಒಮ್ಮೆ ಪಿಸ್ತೂಲನ್ನೇ ಅನುಮಾನದಿಂದ ನೋಡಿದರು. ಆಮೇಲೆ ಅದು ನಿಲ್ಲಲಿಲ್ಲ. ಹಿಂದೆ ಕುಳಿತವರ ಪಿಸುಮಾತು ಅಡಗಿತು. ಕೊನೆಯ ಕಾಗದ ಎಣಿಸಿ ಮುಗಿಸಿದಾಗ ಮೇಸ್ತ್ರಿಯ ಅಂಕ ದಾಟಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ನಾನು ಕೂಗಾಡಿ ಗಂಟಲು ಕೆಡಿಸಿಕೊಂಡೆ.

ಭಾವ ಮಾತ್ರ ಬೆಂಚಿನ ಮೇಲೆ ಕುಳಿತುಬಿಟ್ಟರು. ಪಕ್ಕದಲ್ಲಿದ್ದ ಸರಳನ್ನು ಕೈಗೆ ತೆಗೆದುಕೊಂಡು ಅದರ ತುದಿಯ ಬಿಳಿ ಬಟ್ಟೆಯನ್ನೇ ನೋಡಿದರು.

"ಮೇಣ," ಎಂದರು.

"ಏನು ಭಾವ?"

"ಈ ವಾರ ಇದನ್ನ ಯಾರೂ ಮುಟ್ಟಿಲ್ಲ. ನಾನೂ ಮುಟ್ಟಿಲ್ಲ." ಆಮೇಲೆ ತಮಗೇ ಹೇಳಿಕೊಳ್ಳುವಂತೆ, "ನಾನು ಮುಟ್ಟದೇ ಇದ್ದಿದ್ದಕ್ಕೇ ಸರಿಯಾಯ್ತು," ಎಂದರು. ನನಗೆ ಅರ್ಥವಾಯಿತು. ಮೇಸ್ತ್ರಿ ಹೇಳಿದ್ದ ಮೇಣವನ್ನು ಇಷ್ಟು ದಿನ ತಿಕ್ಕಿ ತೆಗೆಯುತ್ತಿದ್ದವರು ಇವರೇ.

ಮರುದಿನ ಇಬ್ಬರೂ ಪೆಟ್ಟಿಗೆ ಹಿಡಿದು ಮೇಸ್ತ್ರಿಯ ಅಂಗಡಿಗೆ ಹೋದೆವು. ನೆಲದ ತುಂಬ ಮರದ ಹೊಟ್ಟು, ಗೋಡೆಗೆ ಒರಗಿಸಿದ ಅರೆಮುಗಿದ ಬಾಗಿಲುಗಳು. ದಾರಿಯುದ್ದಕ್ಕೂ ಭಾವ ತಪ್ಪಾಯಿತು ಎನ್ನುವುದನ್ನು ಹೇಗೆ ಹೇಳುವುದೆಂದು ತುಟಿಯಲ್ಲೇ ಅಭ್ಯಾಸ ಮಾಡಿಕೊಂಡಿದ್ದರು. ಅಲ್ಲಿ ನಿಂತಾಗ ಬಾಯಿಂದ ಬಂದದ್ದೇ ಬೇರೆ.

"ಹಿಡಿಕೆ ಸ್ವಲ್ಪ ಅಲ್ಲಾಡ್ತಿದೆ."

ಮೇಸ್ತ್ರಿ ಉಜ್ಜುಗೊರಡು ಕೆಳಗಿಟ್ಟರು. ಭಾವ ಪಿಸ್ತೂಲು ಖಾಲಿ ಇದೆಯೆಂದು ತೋರಿಸಿ ಬೆಂಚಿನ ಮೇಲಿಟ್ಟರು. ಮೇಸ್ತ್ರಿ ಹತ್ತಿರ ಬಂದರು, ಬಗ್ಗಿ ನೋಡಿದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

"ನಾನು ಮುಟ್ಟಬಹುದಾ?" ಎಂದು ಕೇಳಿದರು.

ಅಣಕವಿರಲಿಲ್ಲ ಅದರಲ್ಲಿ. ಸುಮ್ಮನೆ ಕೇಳಿದರು. ಭಾವನಿಗೆ ಅಳು ತಡೆಯಲಾಗಲಿಲ್ಲ. ಅಕ್ಕನ ಮದುವೆಯಾದ ಇಷ್ಟು ಕಾಲದಲ್ಲಿ ಆ ಮನುಷ್ಯ ಅತ್ತದ್ದನ್ನು ನಾನು ನೋಡಿರಲಿಲ್ಲ. "ಮುಟ್ಟೋ, ನಿನ್ನದೇ ಅದು, ಮುಟ್ಟು," ಎಂದು ಬಿಕ್ಕುತ್ತ ಹೇಳಿದರು. ತಪ್ಪಾಯಿತು ಎಂಬ ಮಾತೂ ಕೊನೆಗೆ ಬಂತು, ಮುರುಕುಮುರುಕಾಗಿ.

ಮೇಸ್ತ್ರಿ ಸ್ಕ್ರೂ ತೆಗೆದು ಅದರ ತಲೆಯ ಮೇಲೆ ಬೆರಳಾಡಿಸಿದರು. "ಸಣ್ಣ ಸ್ಕ್ರೂಡ್ರೈವರಲ್ಲಿ ಬಿಚ್ಚಿದ್ದು. ಕನ್ನಡಕದ್ದು," ಎಂದರಷ್ಟೆ. ಡಬ್ಬದಿಂದ ಬೇರೆ ಸ್ಕ್ರೂ ಹುಡುಕಿ ಹಾಕಿ ಬಿಗಿ ಮಾಡಿದರು. ಹಿಡಿಕೆಯ ಒಂದು ಕಡೆ ಉಪ್ಪುಕಾಗದ ಆಡಿಸಿ ಭಾವನ ಕೈಗೆ ಕೊಟ್ಟರು. ಅಂಕ ದಾಟಿದ ಸುದ್ದಿ ಅವರಿಗಾಗಲೇ ತಲುಪಿತ್ತು. "ಚೆನ್ನಾಗಿ ಹೊಡೆದಿರಂತೆ," ಎಂದರು.

ಈಗ ಮೇಸ್ತ್ರಿಯ ಕಣ್ಣಿನ ಆಪರೇಷನ್ ಆಗಿದೆ. ಕನ್ನಡಕದ ಗಾಜನ್ನು ಭಾವ ತಾವೇ ಸಾಣೆ ಹಿಡಿದು ಕೂರಿಸಿಕೊಟ್ಟರು. ಮೇಸ್ತ್ರಿ ಮತ್ತೆ ಕ್ಲಬ್ಬಿಗೆ ಬರುತ್ತಾರೆ, ಜೊತೆಯಲ್ಲಿ ಚಹಾ ಕುಡಿಯುತ್ತಾರೆ, ಜೋಕಿಗೆ ನಗುತ್ತಾರೆ. ಭಾವ ಕಪಾಟಿನ ಕೀಲಿಯನ್ನು ವಾಪಸ್ಸು ಕೊಡಲು ಹೋದರೆ ಮಾತ್ರ, "ನಿಮ್ಮ ಹತ್ರಾನೇ ಇರ್ಲಿ" ಎನ್ನುತ್ತಾರೆ. ಪಿಸ್ತೂಲಿಗೆ ಏನಾದರೂ ರಿಪೇರಿ ಇದ್ದರೆ ಇಲ್ಲವೆನ್ನುವುದಿಲ್ಲ, ಮಾಡಿಕೊಡುತ್ತಾರೆ. ಆದರೆ ಪ್ರತಿ ಸಲವೂ ಕೈ ಹಿಂದೆ ಕಟ್ಟಿಕೊಂಡು ನಿಂತು, ಮುಟ್ಟಬಹುದಾ ಎಂದು ಕೇಳುತ್ತಾರೆ. ಪ್ರತಿ ಸಲವೂ ಭಾವ 'ಮುಟ್ಟು' ಎನ್ನಬೇಕು. ಭೂತ ಎಂದು ಮಾತ್ರ ಅವರು ಅಂದಿನಿಂದ ಮತ್ತೆ ಕರೆದಿಲ್ಲ. ಕರೆಯಬಹುದೇನೋ ಎಂದು ಭಾವ ಇವತ್ತಿಗೂ ಕಾಯುತ್ತಿದ್ದಾರೆ.