ಸುವೈಕ್‌ನ ಎರಡು ಬ್ಯಾಂಡು ಮತ್ತು ಸದ್ದಿಲ್ಲದ ಮೊಯ್ದು

ಉಳ್ಳಾಲದ ಮೊಯ್ದು ಒಮಾನಿನ ಸುವೈಕ್ ಪೇಟೆಯಲ್ಲಿ ದಿನಸಿ ಮತ್ತು ಬಟ್ಟೆಯ ಅಂಗಡಿ ಇಟ್ಟುಕೊಂಡಿದ್ದ. ಅವನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಮಸೀದಿಯಲ್ಲಿ ಬಾಂಗ್ ಕೊಡುವಷ್ಟು ಕಂಠವೂ ತನಗಿಲ್ಲವೆಂದು ಅವನೇ ಹೇಳಿಕೊಳ್ಳುತ್ತಿದ್ದ. ಹೀಗಿದ್ದರೂ ಅನೇಕ ವರ್ಷ ಆ ಊರಿನ ಯಾವ ಮದುವೆಗೂ ಅವನಿಲ್ಲದೆ ಬ್ಯಾಗ್‌ಪೈಪ್ ಬ್ಯಾಂಡು ಹೊರಡುತ್ತಿರಲಿಲ್ಲ.

ಇದಕ್ಕೆಲ್ಲ ಕಾರಣ ಸಾಲಿಂ. ಅವನು ಸೈನ್ಯದ ಬ್ಯಾಂಡಿನಲ್ಲಿ ಹವಾಲ್ದಾರನಾಗಿದ್ದವನು. ಅಲ್ಲಿ ಒಬ್ಬ ಐರಿಷ್ ಮೇಷ್ಟ್ರ ಕೈಕೆಳಗೆ ಆ ಚೀಲದ ವಾದ್ಯವನ್ನು ಕಲಿತಿದ್ದ. ೧೯೮೪ರಲ್ಲಿ ನಿವೃತ್ತನಾಗಿ ಊರಿಗೆ ಬಂದವನು ಸುವೈಕ್‌ಗೆ ತನ್ನದೇ ಒಂದು ಬ್ಯಾಂಡು ಬೇಕೆಂದು ಹಟ ಹಿಡಿದ. ಮುಂದಿನ ಸಾಲಿಗೆ ನಾಲ್ವರು ಊದುವವರು ಬೇಕು, ಸಿಕ್ಕಿದವರು ಮೂವರು. ಮೊಯ್ದುವಿನ ಅಂಗಡಿಯ ಪರವಾನಗಿ ಇದ್ದದ್ದು ಸಾಲಿಂನ ಹೆಸರಿನಲ್ಲಿ. ಅವನೇ ಕಫೀಲ್, ಹೊರದೇಶದವನಿಗೆ ಜಾಮೀನು ನಿಲ್ಲುವ ಊರಿನವನು. ಒಂದು ದಿನ ಅಂಗಡಿಗೆ ಬಂದು ಅರ್ಧ ಉರ್ದು, ಅರ್ಧ ಅರಬಿಯಲ್ಲಿ ಹೇಳಿದ:

"ಯಾ ಮೊಯ್ದು, ನಾಳೆಯಿಂದ ನೀನು ಬ್ಯಾಂಡಿನಲ್ಲಿ."

"ನನಗೆ ಊದ್ಲಿಕ್ಕೆ ಬರುದಿಲ್ಲ ಅರ್ಬಾಬ್."

"ಊದು ಅಂತ ಯಾರು ಹೇಳಿದರು? ಸಾಲು ಸರಿಯಾಗಿ ಕಾಣಬೇಕು. ಖಲಾಸ್."

ಸಾಲಿಂ ಒಂದು ಹಳೆಯ ವಾದ್ಯದ ಕೊಳವೆಗಳಿಗೆಲ್ಲ ಬಿರಡೆ ಜಡಿದು ಮೊಯ್ದುವಿನ ತೋಳಿಗೆ ಏರಿಸಿದ. ಉಸಿರಿಗೆ ಹೊರಹೋಗುವ ದಾರಿಯೇ ಇಲ್ಲದ್ದರಿಂದ ಊದಿದಷ್ಟೂ ಮೊಯ್ದುವಿನ ಕೆನ್ನೆ ಉಬ್ಬಿ ಮುಖ ಬೀಟ್‌ರೂಟಿನಂತಾಗುತ್ತಿತ್ತು. ನಿಜವಾಗಿ ಊದುವ ಮೂವರು ಆರಾಮವಾಗಿ ನಡೆಯುತ್ತಿದ್ದರೆ, ನೋಡುವವರ ಕಣ್ಣೆಲ್ಲ ನಾಲ್ಕನೆಯವನ ಮೇಲೆ. ಎರಡನೆಯ ಮದುವೆಯ ಹೊತ್ತಿಗೆ ಜನ "ಆ ಹಿಂದೂಸ್ತಾನಿ ಇದ್ದಾನಲ್ಲ, ಎಷ್ಟು ಚೆನ್ನಾಗಿ ಊದುತ್ತಾನೆ" ಎನ್ನತೊಡಗಿದರು. ಮದುವೆಗೆ ಬ್ಯಾಂಡು ಗೊತ್ತುಮಾಡಲು ಬಂದವರು ಮೊದಲು ಕೇಳುತ್ತಿದ್ದದ್ದೇ "ಕೆನ್ನೆಯವನು ಬರುತ್ತಾನೆ ತಾನೆ?" ಎಂದು. ಮೊಯ್ದುವಿಗೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಕನ್ನಡಿಯ ಮುಂದೆ ನಿಂತು ಕೆನ್ನೆ ಉಬ್ಬಿಸುವ ಅಭ್ಯಾಸ ಶುರುಮಾಡಿದ.

ಬ್ಯಾಂಡು ಒಡೆದದ್ದು ೧೯೮೯ರಲ್ಲಿ, ಒಂದು ಮೇಜಿನ ಬಟ್ಟೆಯಿಂದ. ಸಾಲಿಂ ಎಲ್ಲರ ಹೆಗಲಿಗೂ ಹಸಿರು ಚೌಕುಳಿಯ ಶಾಲು ಹಾಕಿಸಿದ್ದ. ಬಟ್ಟೆ ಹೋದದ್ದು ಮೊಯ್ದುವಿನ ಅಂಗಡಿಯಿಂದಲೇ. ದೊಡ್ಡ ಡೋಲು ಬಡಿಯುತ್ತಿದ್ದವನು ಸಾಲಿಂನ ಭಾವಮೈದ ಸಯೀದ್. ಒಂದು ಮಧ್ಯಾಹ್ನ ಅವನು ಹೋಟೆಲಿಗೆ ಊಟಕ್ಕೆ ಹೋದಾಗ ಮೇಜಿನ ಮೇಲೆ ಅದೇ ಹಸಿರು ಚೌಕುಳಿಯ ಬಟ್ಟೆ ಹಾಸಿತ್ತು. ಅದರ ಮೇಲೆ ಯಾರೋ ತಿಂದುಬಿಟ್ಟ ಮೀನಿನ ಮುಳ್ಳು.

"ನನ್ನ ಹೆಗಲ ಮೇಲೆ ಮೀನಿನ ಮುಳ್ಳು ಹಾಕಿಸಿದೆಯಲ್ಲ!" ಎಂದು ಸಯೀದ್ ಸಾಲಿಂನ ಮೇಲೆ ಕೂಗಾಡಿದ. ಡೋಲು ಹೊತ್ತುಕೊಂಡು ಹೊರಟವನು ಕೆಂಪು ಚೌಕುಳಿಯ ಇನ್ನೊಂದು ಬ್ಯಾಂಡು ಕಟ್ಟಿದ. ಸಾಲಿಂ ಬೇಸರಪಡಲಿಲ್ಲ. ತನ್ನ ಐರಿಷ್ ಮೇಷ್ಟ್ರ ಊರಿನಲ್ಲೂ ಎರಡು ಬ್ಯಾಂಡುಗಳಿದ್ದವಂತೆ, ಅವರೂ ಪರಸ್ಪರ ಮಾತಾಡುತ್ತಿರಲಿಲ್ಲವಂತೆ. "ಈಗ ನಮ್ಮದೂ ದೊಡ್ಡ ಊರಾಯಿತು" ಎಂದ.

ಪೇಚಿಗೆ ಸಿಕ್ಕಿದವನು ಮೊಯ್ದು. ಸಾಲಿಂ ಕಫೀಲ್ ಆದರೆ, ಅಂಗಡಿಯ ಕಟ್ಟಡ ಸಯೀದನದು. ಇಬ್ಬರಿಗೂ ಮೊಯ್ದು ಬೇಕು, ಇಬ್ಬರಿಗೂ ಇಲ್ಲವೆನ್ನುವ ಹಾಗಿಲ್ಲ. ಅವನು ದರ್ಜಿಯ ಹತ್ತಿರ ಹೋಗಿ ಒಂದು ಬದಿ ಹಸಿರು, ಇನ್ನೊಂದು ಬದಿ ಕೆಂಪು ಇರುವ ಶಾಲು ಹೊಲಿಸಿಕೊಂಡ. ರಾಷ್ಟ್ರೀಯ ದಿನದಂದು ಎರಡು ಬ್ಯಾಂಡುಗಳೂ ಬೇರೆ ಬೇರೆ ದಿಕ್ಕಿನಿಂದ ಮೈದಾನಕ್ಕೆ ಹೊರಡುತ್ತಿದ್ದವು. ಮೊಯ್ದು ಅರ್ಧ ದಾರಿ ಸಾಲಿಂನ ಸಾಲಿನಲ್ಲಿ ಕೆನ್ನೆ ಉಬ್ಬಿಸಿ, ತಿರುವಿನಲ್ಲಿ ಜಾರಿಕೊಂಡು, ಖರ್ಜೂರದ ತೋಟದೊಳಗೆ ಓಡಿ, ಶಾಲು ತಿರುವಿ ಸಯೀದನ ಸಾಲು ಸೇರುತ್ತಿದ್ದ. ಸದ್ದು ಕಡಿಮೆಯಾಯಿತೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

೧೯೯೨ರ ನವೆಂಬರಿನಲ್ಲಿ ಅವನ ಹೆಂಡತಿ ಅಮೀನತ್ ಮೊದಲ ಸಲ ಒಮಾನಿಗೆ ಬಂದಳು. ರಾಷ್ಟ್ರೀಯ ದಿನದಂದು ಗಂಡನ ಮೆರವಣಿಗೆ ನೋಡಬೇಕೆಂದು ನೆರೆಮನೆಯ ಹೆಂಗಸರೊಂದಿಗೆ ಸಮುದ್ರತೀರದಲ್ಲಿ ನಿಂತಿದ್ದಳು. ಆ ದಿನ ದೊಡ್ಡ ರಸ್ತೆಯಲ್ಲಿ ನೀರಿನ ಟ್ಯಾಂಕರೊಂದು ಮಗುಚಿತು. ಪೊಲೀಸರು ಎರಡು ಬ್ಯಾಂಡುಗಳನ್ನೂ ಮೀನು ಮಾರ್ಕೆಟಿನ ಗಲ್ಲಿಗೆ ತಿರುಗಿಸಿದರು. ಒಂದನ್ನು ಆ ತುದಿಯಿಂದ, ಇನ್ನೊಂದನ್ನು ಈ ತುದಿಯಿಂದ.

ಒಂದು ಪಿಕಪ್ ಹೋಗುವಷ್ಟೇ ಅಗಲದ ಗಲ್ಲಿ. ಎದುರುಬದುರಾದ ಮೇಲೆ ಮೊದಲು ನಿಂತವರು ಸೋತ ಹಾಗೆ. ಯಾರೂ ನಿಲ್ಲಲಿಲ್ಲ. ಸಾಲಿಂನವರು ನಿಧಾನದ ಧಾಟಿ, ಸಯೀದನವರು ಓಟದ ಧಾಟಿ, ಎರಡನ್ನೂ ಒಟ್ಟಿಗೆ ಬಾರಿಸುತ್ತ ಒಬ್ಬರೊಳಗೊಬ್ಬರು ನುಗ್ಗಿದರು. ಮೀನಿನ ಬುಟ್ಟಿಗಳು ಉರುಳಿದವು. ಶಾಲು ಅರ್ಧ ತಿರುವಿಕೊಂಡಿದ್ದ ಮೊಯ್ದು ನಡುವೆ ಸಿಕ್ಕಿಬಿದ್ದು, ಹೆದರಿಕೆಗೆ ಇನ್ನಷ್ಟು ಜೋರಾಗಿ ಊದಿದ.

ಗಲ್ಲಿಯಿಂದ ಹೊರಬಂದಾಗ ಎಲ್ಲ ಅದಲುಬದಲು. ಡೋಲಿನ ಆಚೆ ಏನೂ ಕಾಣದ ಸಯೀದ್, ಸಿಕ್ಕಿದ ಬೆನ್ನಿನ ಹಿಂದೆ ನಡೆದು ಸಾಲಿಂನ ಬ್ಯಾಂಡಿನೊಂದಿಗೇ ಮೈದಾನ ಮುಟ್ಟಿದ. ಅಲ್ಲಿದ್ದ ಅಧಿಕಾರಿಗಳು ಭಾವ, ಭಾವಮೈದ ಒಂದಾದರೆಂದು ಎದ್ದುನಿಂತು ಚಪ್ಪಾಳೆ ತಟ್ಟಿದರು. ಅಷ್ಟು ಜನರ ಮುಂದೆ ಜಗಳ ಮುಂದುವರಿಸುವುದು ಹೇಗೆ? ಇಬ್ಬರೂ ಅಲ್ಲಿನ ಪದ್ಧತಿಯಂತೆ ಮೂಗಿಗೆ ಮೂಗು ತಾಗಿಸಿ ಸಲಾಂ ಹೇಳಿದರು.

ಉಳಿದವರು ಮಾತ್ರ ಮೈದಾನಕ್ಕೆ ಬರಲೇ ಇಲ್ಲ. ಅವರ ಮುಂದಿದ್ದವನು ಮೊಯ್ದು. ಅವನಿಗೆ ದಾರಿ ತಪ್ಪಿತ್ತು, ಹಿಂದಿರುಗಿ ನೋಡುವ ಧೈರ್ಯವಿರಲಿಲ್ಲ. ಅವನು ಹೋದಲ್ಲೆಲ್ಲ ಅವರೂ ಹೋದರು. ಕೊನೆಗೆ ಕಾಲಿಗೆ ನೀರು ತಾಗಿದಾಗಲೇ ಅವನು ನಿಂತದ್ದು. ಇಡೀ ಬ್ಯಾಂಡು ಅಲೆಗಳಲ್ಲಿ ನಿಂತು, ಬಲೆ ಬಿಡಿಸುತ್ತಿದ್ದ ಬೆಸ್ತರಿಗೆ ಮೂರು ಹಾಡು ನುಡಿಸಿತು.

ಮನೆಗೆ ಬಂದು ಚಹಾ ಕುಡಿಯುವಾಗ ಅಮೀನತ್ ಕೇಳಿದಳು: "ಇಷ್ಟು ಜನರಲ್ಲಿ ನಿಮ್ಮ ಸ್ವರ ಯಾವುದು?"

ಮೊಯ್ದು ಹೇಳಿದ: "ನನ್ನದು ಸ್ವರ ಇಲ್ಲ. ಅದಕ್ಕೆ ಬಿರಡೆ ಹಾಕಿ ಉಂಟು."

"ಮತ್ತೆ ಆ ಜನ ಎಂತಕ್ಕೆ ನಿಮ್ಮ ಹಿಂದೆ ಸಮುದ್ರದವರೆಗೆ ಬಂದ್ರು?"

ಆ ಪ್ರಶ್ನೆ ಅವನನ್ನು ಬಿಡಲಿಲ್ಲ. ವಾರದೊಳಗೆ ಸಾಲಿಂನ ಮುಂದೆ ಹೋಗಿ, "ನನಗೆ ನಿಜವಾಗಿ ಕಲಿಸಿ" ಎಂದ. ಸಾಲಿಂ ಪ್ರಾಮಾಣಿಕವಾಗಿಯೇ ಕಲಿಸಿದ. ಮೊಯ್ದು ಊದಲು ಶುರುಮಾಡಿದರೆ ಪಕ್ಕದ ಕೊಟ್ಟಿಗೆಯ ಆಡುಗಳು ಮೇವು ಬಿಡುತ್ತಿದ್ದವು. ರಂಜಾನ್ ಬರುವ ಮುಂಚೆ ಸಾಲಿಂ ಅವನ ಹೆಗಲ ಮೇಲೆ ಕೈಯಿಟ್ಟು, "ಮೊದಲು ನೀನು ಇದಕ್ಕಿಂತ ಚೆನ್ನಾಗಿ ಊದುತ್ತಿದ್ದೆ" ಎಂದ.

ಮೊಯ್ದು ನಕ್ಕುಬಿಟ್ಟ. ಬಿರಡೆ ಜಡಿದ ವಾದ್ಯವನ್ನೇ ಹೊತ್ತು ಒಂದಾದ ಬ್ಯಾಂಡಿನ ಮುಂದಿನ ಸಾಲಿಗೆ ಮರಳಿ, ೧೯೯೭ರಲ್ಲಿ ಉಳ್ಳಾಲಕ್ಕೆ ವಾಪಸಾಗುವವರೆಗೂ ಅಲ್ಲೇ ನಡೆದ. ಅವನು ಹೋದ ಮೇಲೆ ಆ ಜಾಗಕ್ಕೆ ಊದಲು ಬರುವ ಒಬ್ಬನನ್ನು ಹಾಕಿದರಂತೆ. ಮದುವೆಮನೆಯವರು ಒಪ್ಪಲಿಲ್ಲವಂತೆ.