ಫಲಿತಾಂಶಕ್ಕೆ ಅಡ್ಡಬಂದ ಗೆಳತಿ

ಬನಹಟ್ಟಿಯ ನಮ್ಮ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಯವರೆಗೆ ನನಗೆ ಗೆಳತಿಯರೇ ಇರಲಿಲ್ಲ. ಪ್ರತಿ ವರ್ಷ ಮೊದಲ ನಂಬರು ನನ್ನದು, ಅಪ್ಪನದು ಬಟ್ಟೆ ವ್ಯಾಪಾರ. ಯಾರೂ ಪಕ್ಕಕ್ಕೆ ಬಂದು ಕೂರುತ್ತಿರಲಿಲ್ಲ. ಗಣಿತದ ಸರ್ ಒಂದು ದಿನ ಹಿಂದಿನ ಬೆಂಚಿನ ಒಬ್ಬಳನ್ನು ಎಬ್ಬಿಸಿ, ಶಿಕ್ಷೆಯೆಂದು ನನ್ನ ಪಕ್ಕ ಕೂರಿಸಿದರು.

ಅವಳ ಮನೆಯಲ್ಲಿ ಪವರ್‌ಲೂಮ್‌ಗಳ ನಡುವೆಯೇ ಅಡುಗೆ, ಊಟ, ನಿದ್ದೆ. ಆ ಸದ್ದಿನಲ್ಲಿ ಬೆಳೆದವಳಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಮಾಸ್ತರರು ಅದನ್ನು ಸೊಕ್ಕು ಎನ್ನುತ್ತಿದ್ದರು. ಮೊದಲ ದಿನವೇ ನನ್ನ ಡಬ್ಬಿಯೊಳಗೆ ಇಣುಕಿ, ಇಡೀ ತರಗತಿಗೆ ಕೇಳುವಂತೆ, "ಉಳ್ಳಾಗಡ್ಡಿ ಇಲ್ದ ಇಷ್ಟ ರುಚಿ ಹೆಂಗ ಮಾಡ್ತೀರಿಲೇ?" ಎಂದಳು. ನಾವು ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ಜೈನರೆಂದು ಗೊತ್ತಾದ ಮೇಲೆ ತನ್ನ ಬೆಳ್ಳುಳ್ಳಿ ಚಟ್ನಿಯನ್ನು ತಾನೇ ದೂರ ಸರಿಸಿಟ್ಟಳು. ಅಂದಿನಿಂದ ನಾವು ಒಬ್ಬರನ್ನೊಬ್ಬರು ಬಿಡಲಿಲ್ಲ.

ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳು ಗಣಿತದಲ್ಲಿ ಫೇಲಾದಳು. ಹೆಡ್‌ಮಾಸ್ತರರು ಅವಳ ತಾಯಿಯನ್ನು ಕರೆಸಿದರು. ಮಗ್ಗದ ಕೆಲಸ ಬಿಟ್ಟು ಓಡಿಬಂದ ಆಕೆಯ ಕೂದಲಲ್ಲಿ ಇನ್ನೂ ಹತ್ತಿಯ ಎಳೆಗಳಿದ್ದವು. ನಾವಿಬ್ಬರೂ ಬಾಗಿಲಲ್ಲಿ ನಿಂತಿದ್ದೆವು.

"ಈ ವರ್ಷ ಪರೀಕ್ಷಾಕ ಕುಂಡ್ರಸಬ್ಯಾಡ್ರಿ. ಮುಂದಿನ ವರ್ಷ ಹೊರಗಿಂದ ಪರೀಕ್ಷಾ ಕಟ್ಲಿ. ನಮ್ಮ ಸಾಲಿ ರಿಜಲ್ಟ್ ನೂರಕ್ಕ ನೂರು ಬರಬೇಕೈತಿ."

ತಾಯಿ ಸೆರಗು ಸರಿಮಾಡಿಕೊಂಡು, "ನೀವು ತಿಳದಾವ್ರು. ನೀವ್ ಹೇಳಿದಂಗ ಆಗ್ಲಿರಿ" ಎಂದರು.

ನನ್ನ ಮೈ ಉರಿಯಿತು. ಒಳಗೆ ಹೋಗಿ, "ಸರ್, ಆಕಿ ಓದಾಕತ್ತಾಳ್ರಿ. ಪರೀಕ್ಷಾ ಇನ್ನೂ ದೂರ ಐತ್ರಿ" ಎಂದೆ.

"ನೀ ಶಾಣ್ಯಾ ಹುಡಿಗಿ. ಇಂಥಾಕಿ ಜೋಡಿ ಅಡ್ಡಾಡಿ ಹಾಳಾಗಬ್ಯಾಡ."

ಹೆತ್ತ ತಾಯಿಯ ಎದುರಿಗೇ ಹೇಳಿದರು ಈ ಮಾತನ್ನು!

ಮನೆಯಲ್ಲಿ ಹೇಳಿದರೆ ಅಪ್ಪ, "ಮಂದಿ ಉಸಾಬರಿ ನಮಗ್ಯಾಕ?" ಎಂದರು. ಅವಳಂಥವರ ಮನೆಗಳಲ್ಲಿ ನೇಯ್ದ ಸೀರೆಗಳನ್ನೇ ಅಂಗಡಿಯಲ್ಲಿ ಮಾರುವವರು ಅವರು. ಅಪ್ಪನ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ.

ಮರುದಿನ ನಾವಿಬ್ಬರೂ ಗೋಗರೆದು ಅವಳ ತಾಯಿಯನ್ನು ಒಪ್ಪಿಸಿ, ಮೂವರೂ ಜಮಖಂಡಿಯ ಬಸ್ಸು ಹತ್ತಿ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆವು. ತಾಯಿ ಹೊಸ್ತಿಲಲ್ಲೇ ಹಿಂಜರಿದರು. ಅವಳು ಮಾತ್ರ ಒಳಗೆ ಹೋಗಿ, "ನಾ ಪರೀಕ್ಷಾ ಬರೀಬೇಕ್ರಿ. ಸಾಲ್ಯಾಗ ಬ್ಯಾಡ ಅನ್ನಾಕತ್ತಾರ್ರಿ" ಎಂದಾಗ ಕಚೇರಿಯ ಮಂದಿಯೆಲ್ಲ ತಲೆಯೆತ್ತಿ ನೋಡಿದರು.

ಅಧಿಕಾರಿ ಒಬ್ಬ ಹೆಂಗಸು. "ಹಾಜರಿ ಐತೇನವ್ವಾ?"

"ದಿನಾ ಹೋಗೇನ್ರಿ."

ನಮ್ಮೆದುರಿಗೇ ಹೆಡ್‌ಮಾಸ್ತರರಿಗೆ ಫೋನು ಮಾಡಿ, "ಹಾಜರಿ ಇದ್ದ ಮಗುವನ್ನ ನೀವು ಹೆಂಗ ಬಿಡಸ್ತೀರಿ?" ಎಂದು ಗದರಿದರು.

ಅವಳು ಪರೀಕ್ಷೆ ಬರೆದಳು. ಗಣಿತದಲ್ಲಿ ಮಾತ್ರ ಸ್ವಲ್ಪದರಲ್ಲೇ ಫೇಲಾದಳು. ಮೊದಲ ನಂಬರು ಬಂದ ನನಗೆ ಶಾಲೆಯಲ್ಲಿ ಸತ್ಕಾರ. ಹೆಡ್‌ಮಾಸ್ತರರು ಮೈಕಿನಲ್ಲಿ, "ಒಬ್ಬಾಕಿ ಸಲುವಾಗಿ ನಮ್ಮ ನೂರು ತಪ್ಪಿತು" ಎಂದರು. ನನಗೆ ಚಪ್ಪಾಳೆ ತಟ್ಟಲೆಂದು ತಾಯಿಯೊಡನೆ ಬಂದು ಕೂತಿದ್ದ ಅವಳು ತಲೆ ತಗ್ಗಿಸಿದಳು. ನನಗೆ ಹೊದಿಸಿದ್ದ ಶಾಲನ್ನು ಕುರ್ಚಿಯ ಮೇಲಿಟ್ಟು, ವೇದಿಕೆ ಇಳಿದು ಹೋಗಿ ಅವಳ ಪಕ್ಕ ಕೂತೆ.

"ಹುಚ್ಚಿ, ಶಾಲ್ ಯಾಕ್ ಬಿಟ್ಟ ಬಂದಿ? ಛಲೋ ಇತ್ತು" ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಪೂರಕ ಪರೀಕ್ಷೆಯಲ್ಲಿ ಅವಳು ಪಾಸಾದಳು. ವಾರದೊಳಗೆ ಶಾಲೆಯ ಗೇಟಿಗೆ ಬ್ಯಾನರು ಬಿತ್ತು: ಶೇಕಡ ನೂರು ಫಲಿತಾಂಶ. ಪೂರಕದ್ದನ್ನೂ ಸೇರಿಸಿಕೊಂಡಿದ್ದರು! ಯಾರನ್ನು ಹೊರಗೆ ಹಾಕಲು ಹೊರಟಿದ್ದರೋ ಅವಳನ್ನೇ ಲೆಕ್ಕಕ್ಕೆ ಹಿಡಿದು ಮೆರೆದರು. ಅವಳು ಬ್ಯಾನರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

ಈಗ ಅವಳು ಮುಧೋಳದ ಆಸ್ಪತ್ರೆಯೊಂದರಲ್ಲಿ ನರ್ಸ್. "ಬಿಡ ಬೇ, ಆಗಿದ್ದ ಆತು" ಎನ್ನುತ್ತಾಳೆ. ನನಗೆ ಬಿಡಲಾಗುವುದಿಲ್ಲ. ಹೆಡ್‌ಮಾಸ್ತರರ ಎದುರು ನಿಂತು, ಹೆತ್ತ ಮಗಳನ್ನು 'ಇಂಥಾಕಿ' ಎಂದದ್ದನ್ನು ಕೇಳಿಸಿಕೊಂಡ ತಾಯಿಗೆ ಇಂದಿನವರೆಗೆ ಯಾರೂ ತಪ್ಪಾಯಿತು ಎಂದಿಲ್ಲ.