ಇಳಕಲ್ಲಿನ ಕೆಲಸ ಖರೆಯೋ ಸುಳ್ಳೋ ಎಂದು ನೋಡಿಬಂದದ್ದು

ಎರಡನೇ ಶನಿವಾರ ಸಾಲಿಗೆ ರಜೆ ಇತ್ತು. ಬೆಳಗ್ಗೆ ನಾನು ಮತ್ತು ನನ್ನ ಅತ್ತೆ ಲಕ್ಕವ್ವ ಬಾಗಲಕೋಟೆಯ ನವನಗರ ನಿಲ್ದಾಣದಲ್ಲಿ ಬಾದಾಮಿ ಬಸ್ಸು ಹತ್ತಿದೆವು. ಚಳಿ ಶುರುವಾಗಿತ್ತು. ಆಧಾರ್ ಕಾರ್ಡು ತೋರಿಸಿದಾಗ ಕಂಡಕ್ಟರ್ ಇಬ್ಬರಿಗೂ ಶೂನ್ಯ ಟಿಕೆಟ್ ಹರಿದು ಕೊಟ್ಟು, "ಬನಶಂಕರಿಗೇನ್ರಿ ಯವ್ವಾ?" ಎಂದು ಅತ್ತೆಯನ್ನು ಕೇಳಿದರು.

"ಇಲ್ಲಪ್ಪಾ. ಸೊಸಿಗೆ ಯಾರೋ ಕೆಲಸ ಕೊಡ್ತೇವಂದಾರ. ಅದನ್ನ ನೋಡಾಕ ಹೊಂಟೇವಿ."

ಅತ್ತೆ ಹೇಳಿದ್ದು ನಿಜ. ನಾನು ಕಾಲೇಜಿನಲ್ಲಿ ಖೋ-ಖೋ ಆಡಿದವಳು, ದೈಹಿಕ ಶಿಕ್ಷಣದಲ್ಲಿ ಪದವಿ ಮಾಡಿಕೊಂಡವಳು. ವಿದ್ಯಾಗಿರಿಯ ಒಂದು ಜಿಮ್‌ನಲ್ಲಿ ಹೆಣ್ಣುಮಕ್ಕಳಿಗೆ ಎರಡು ವರ್ಷ ವ್ಯಾಯಾಮ ಹೇಳಿಕೊಟ್ಟೆ. ಅದು ಮುಚ್ಚಿದ ಮೇಲೆ ಒಂದು ಖಾಸಗಿ ಸಾಲಿಯಲ್ಲಿ ತಾತ್ಕಾಲಿಕ ಶಿಕ್ಷಕಿಯಾದೆ. ಯಜಮಾನರು ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ಹೆಚ್ಚು ದಿನ ಹೊರಗೇ. ಹಿಂದಿನ ವಾರ ಫೋನಿಗೆ ಒಂದು ಸಂದೇಶ ಬಂತು: ಇಳಕಲ್‌ನಲ್ಲಿ ಮಹಿಳೆಯರ ಫಿಟ್ನೆಸ್ ಸೆಂಟರ್, ಮುಖ್ಯ ತರಬೇತುದಾರಳ ಹುದ್ದೆ, ಈಗಿನ ಸಂಬಳದ ಎರಡರಷ್ಟು. ಮರುದಿನ ಒಬ್ಬರು ಕರೆ ಮಾಡಿ, "ಮೇಡಂ, ನೀವು ಆಯ್ಕೆಯಾಗಿದ್ದೀರಿ" ಎಂದರು. ಬಾದಾಮಿಯಲ್ಲಿ ಅವರದೇ ಜಿಮ್ ಇದೆಯಂತೆ. ಸೋಮವಾರದೊಳಗೆ ಸಾಲಿಗೆ ರಾಜೀನಾಮೆ ಕೊಟ್ಟು, ಅಂಕಪಟ್ಟಿಗಳ ಅಸಲು ಪ್ರತಿಗಳನ್ನೂ ತರಬೇತಿ ಕಿಟ್‌ನ ಹಣವನ್ನೂ ಹುನಗುಂದದ ಆಫೀಸಿಗೆ ತಂದುಕೊಡಬೇಕಂತೆ.

ಆ ಸಂಬಳ ಬಂದರೆ ಇಳಕಲ್‌ನಲ್ಲಿ ಮನೆ ಮಾಡುವುದಕ್ಕೂ ನಾವು ತಯಾರಿದ್ದೆವು. ಆದರೆ ಒಂದು ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಕುಳಿತಿತ್ತು. ಊರಿನ ಖೋ-ಖೋ ತಂಡಕ್ಕೂ ಓಡುವುದನ್ನು ನೋಡದೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಇವರು ನನ್ನ ಮುಖವನ್ನೂ ನೋಡಿರಲಿಲ್ಲ. ಅತ್ತೆಗೆ ಹೇಳಿದೆ. "ಹೆಣ್ಣು ಕೊಡೂ ಮುಂದ ಮನಿ ನೋಡಿ ಬರೂದಿಲ್ಲೇನು? ನಡಿ, ನಾನೂ ಬರ್ತೇನಿ" ಎಂದು ಅವರೇ ಹೊರಟು ನಿಂತರು. ಅಂಕಪಟ್ಟಿಗಳ ಅಸಲನ್ನು ಮನೆಯಲ್ಲೇ ಬಿಟ್ಟು ಜೆರಾಕ್ಸ್ ಮಾತ್ರ ಚೀಲದಲ್ಲಿಟ್ಟುಕೊಂಡೆ.

ಬಾದಾಮಿಯಲ್ಲಿ ಸ್ಟೇಷನ್ ರಸ್ತೆಯ ಆ ಜಿಮ್ ಸುಲಭವಾಗಿ ಸಿಕ್ಕಿತು. ಹೆಸರು, ಬೋರ್ಡು ಎಲ್ಲ ಫೋನಿನಲ್ಲಿ ಹೇಳಿದಂತೆಯೇ. ಒಳಗೆ ಹುಡುಗರು ಭಾರ ಎತ್ತುತ್ತಿದ್ದರು. ಮಾಲೀಕರು ಊರಲ್ಲಿರಲಿಲ್ಲ. ನೆಲ ಒರೆಸುತ್ತಿದ್ದ ಹೆಣ್ಣುಮಗಳನ್ನು ಇಳಕಲ್ ಬಗ್ಗೆ ಕೇಳಿದೆ.

"ಹೌದ್ರಿ, ಮಾಲಕರ ಅಕ್ಕಾರು ಇಳಕಲ್ಲದಾಗ ಹೆಣ್ಮಕ್ಕಳ ಜಿಮ್ ತಗದಾರ್ರಿ. ಹೇಳಿಕೊಡಾಕ ಹೆಣ್ಮಗಳು ಬೇಕಂತ ಇಲ್ಲೂ ಎಲ್ಲಾರಿಗೂ ಹೇಳಿ ಹೋಗ್ಯಾರ."

ಎದೆಯ ಮೇಲಿನ ಭಾರ ಇಳಿದಂತಾಯಿತು. ಜಿಮ್ ಖರೆ, ಹುದ್ದೆ ಖರೆ. ಅತ್ತೆಗೆ ಅಷ್ಟರಲ್ಲೇ ಮಹಾಕೂಟಕ್ಕೆ ಹೋಗಿಬರುವ ಆಸೆ ಹುಟ್ಟಿತು; ಹುನಗುಂದದ ಆಫೀಸು ಮುಚ್ಚೀತೆಂದು ನಾನೇ ತಡೆದೆ. ಪಟ್ಟದಕಲ್ಲಿನವರೆಗೆ ಪ್ರವಾಸಿಗರಿಂದ ತುಂಬಿದ ಬಸ್ಸು. ಅಲ್ಲಿ ಮಲಪ್ರಭೆಯ ಕಡೆ ಮುಖ ಮಾಡಿ ಕುಳಿತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಉಂಡೆವು. ಮುಂದಿನ ಬಸ್ಸು ಬಹಳ ಹೊತ್ತು ಕಾಯಿಸಿತು. ದಾರಿಯುದ್ದಕ್ಕೂ ಬಿಳಿಜೋಳ ಮೊಣಕಾಲೆತ್ತರ ಬೆಳೆದು ನಿಂತಿತ್ತು. ಅಮೀನಗಡದಲ್ಲಿ ಬಸ್ಸು ಬದಲಿಸುವಾಗ ಅತ್ತೆ ಕರದಂಟು ಕೊಂಡರು. "ಕೆಲಸ ಖರೆ ಐತಿ ಅಂತ ಗೊತ್ತಾತಲ್ಲ, ಬಾಯಿ ಸಿಹಿ ಮಾಡಕೋ" ಎಂದು ನನ್ನ ಕೈಗೆ ಒಂದು ತುಂಡು ಕೊಟ್ಟರು.

ಹುನಗುಂದದ ಆಫೀಸು ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಒಂದು ಟೇಬಲ್ಲು, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಫೋನಿನಲ್ಲಿ ಮಾತಾಡಿದವರೇ ಅಲ್ಲಿದ್ದರು. ಮೂವತ್ತರ ಆಸುಪಾಸಿನ, ಇಸ್ತ್ರಿ ಅಂಗಿಯ ಮನುಷ್ಯ. ಅತ್ತೆಯನ್ನು ಕಂಡೊಡನೆ ಎದ್ದು ಕಾಲು ಮುಟ್ಟಿದರು. ಅವರ ಹೆಗಲ ಮೇಲಿನ ಕುರಿ ಉಣ್ಣೆಯ ಕಂಬಳಿ ನೋಡಿ, "ಯವ್ವಾ, ನಿಮ್ಮ ಮನಿದೇವ್ರು ಬೀರಪ್ಪ ಹೌದಲ್ರಿ? ನಮ್ದೂ ಅದರಿ" ಎಂದರು. ಅತ್ತೆಯ ಮುಖ ಅರಳಿತು. ಆ ಮನುಷ್ಯನ ಹಳ್ಳಿ, ಅವರ ಕುರಿ, ಅವರ ತಾಯಿಯ ಆರೋಗ್ಯ, ಎಲ್ಲವನ್ನೂ ವಿಚಾರಿಸಿಕೊಂಡರು.

ನಾನು ಕೆಲಸದ ಬಗ್ಗೆ ಕೇಳತೊಡಗಿದೆ. ಬೆಳಗಿನ ಬ್ಯಾಚಿಗೆ ಎಷ್ಟು ಜನ ಬರುತ್ತಾರೆ? ಬರುವವರು ಎಳೆಯರೋ, ವಯಸ್ಸಾದವರೋ? ಬಿಪಿ ಇದ್ದವರನ್ನು ಸೇರಿಸಿಕೊಳ್ಳುತ್ತಾರೋ? ಯಾವ ಯಾವ ಉಪಕರಣಗಳಿವೆ?

"ಅದನ್ನೆಲ್ಲ ಕಂಪನಿ ಹೇಳ್ತದರಿ ಮೇಡಂ."

ಮಾಲೀಕರ ನಂಬರು ಕೇಳಿದೆ. ಅವರು ಪ್ರವಾಸದಲ್ಲಿದ್ದಾರಂತೆ. ಒಮ್ಮೆ ಜಾಗ ನೋಡಿ ಬರುತ್ತೇನೆ ಎಂದೆ. ಆಗ ಅವರ ದನಿ ಸ್ವಲ್ಪ ಗಟ್ಟಿಯಾಯಿತು. "ನೋಡ್ರಿ, ಇವತ್ತ ಸರ್ಟಿಫಿಕೇಟ್ ಕೊಟ್ರ ನಿಮ್ಮ ಹೆಸರು. ಇಲ್ಲಾಂದ್ರ ಈ ತಂಗೀದು."

ಮೂಲೆಯ ಕುರ್ಚಿಯಲ್ಲಿ ಒಬ್ಬ ಹುಡುಗಿ ಕುಳಿತಿದ್ದಳು. ಹೆಸರು ಕಾವೇರಿ. ಹುನಗುಂದದ ಹತ್ತಿರದ ಹಳ್ಳಿಯವಳು, ಕಬಡ್ಡಿ ಆಡುತ್ತಿದ್ದವಳು. ಅವಳ ಅಂಕಪಟ್ಟಿಗಳು ಆಗಲೇ ಟೇಬಲ್ಲಿನ ಖಾನೆಯೊಳಗೆ ಹೋಗಿದ್ದವು. ಕಿಟ್‌ನ ಹಣವನ್ನು ಅಣ್ಣ ಸಂಜೆ ತರುವುದಿತ್ತು. ಒಂದೇ ಹುದ್ದೆಗೆ ನಾವಿಬ್ಬರೂ ಆಯ್ಕೆಯಾಗಿದ್ದೆವು.

ಮೆಟ್ಟಿಲಿಗೆ ಬಂದು ಅವಳನ್ನು ಕರೆದೆ. "ತಂಗೀ, ಇಳಕಲ್ ಇಲ್ಲೇ ಐತಿ. ನಮ್ಮ ಜೋಡಿ ಬಾ, ಜಾಗಾ ನೋಡಿ ಬರೂಣು. ಖರೆ ಇದ್ರ ಕೆಲಸ ನೀನ ತಗೋ, ನಾ ಜಗಳ ತಗಿಯೂದಿಲ್ಲ."

ಅವಳು ನನ್ನನ್ನೂ ಅತ್ತೆಯನ್ನೂ ಒಂದು ಗಳಿಗೆ ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು. ಗುರುತಿಲ್ಲದವಳ ಮಾತು ನಂಬಿ ಬಂದ ಆ ಹುಡುಗಿಯ ಉಪಕಾರ ದೊಡ್ಡದು. ಒಬ್ಬಳೇ ಆಗಿದ್ದರೆ ನಾನು ಅಲ್ಲಿಂದಲೇ ಮನೆಗೆ ಮರಳುತ್ತಿದ್ದೆನೋ ಏನೋ.

ಬಸ್ಸಿನಲ್ಲಿ ಅತ್ತೆ ನನ್ನ ಮೇಲೆ ಮುನಿಸಿಕೊಂಡು ಕುಳಿತಿದ್ದರು. "ಬಂಗಾರದಂಥಾ ಹುಡುಗ. ಏನ್ ಅಷ್ಟು ಕೇಳ್ತಿ ಅವನ್ನ?" ನನಗೂ ಖಾತ್ರಿ ಇರಲಿಲ್ಲ.

ಇಳಕಲ್ ಬರಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಸೀರೆ ಅಂಗಡಿಗಳ ಸಾಲಿನಲ್ಲಿ ಕೇಳಿದರೆ ಮೊದಲನೆಯವರೇ ಕೈ ತೋರಿಸಿದರು: "ಗಿರಿಜಕ್ಕಾರ ಜಿಮ್ಮೇನ್ರಿ? ಆ ಮಾಳಿಗಿ ಮ್ಯಾಲ." ಸಂಜೆಯ ಬ್ಯಾಚು ಆಗಷ್ಟೇ ಕೂಡುತ್ತಿತ್ತು. ಚೂಡಿದಾರದವರ ನಡುವೆ ಸೀರೆಯ ಕಚ್ಚೆ ಕಟ್ಟಿಕೊಂಡ ಇಬ್ಬರು ಅಜ್ಜಿಯರೂ ಇದ್ದರು. ಗಿರಿಜಕ್ಕ ಐವತ್ತು ದಾಟಿದ ಗಟ್ಟಿ ಹೆಂಗಸು. ನಾನು ವಿಷಯ ಹೇಳಿ ಸಂದೇಶ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಜಿಮ್ ನಂದ. ಕೆಲಸಾನೂ ಐತಿ. ಆದ್ರ ಈ ಮನಷ್ಯಾ ಯಾವನೋ ನನಗ ಗೊತ್ತಿಲ್ಲ. ನಾ ಯಾರಿಗೂ ಆಫೀಸು ತಗೀ ಅಂತ ಹೇಳಿಲ್ಲ."

ಅವರು ತಮ್ಮ ಫೋನಿನಿಂದಲೇ ಆ ನಂಬರಿಗೆ ಕರೆ ಮಾಡಿ, ನಮಗೆಲ್ಲ ಕೇಳುವಂತೆ ಇಟ್ಟರು. "ನಾ ಇಳಕಲ್ಲದಿಂದ ಗಿರಿಜಾ ಮಾತಾಡೂದು" ಎನ್ನುತ್ತಿದ್ದಂತೆ ಆ ಕಡೆಯಿಂದ ಕರೆ ಕಡಿತವಾಯಿತು. ಮತ್ತೆ ಹತ್ತಲಿಲ್ಲ. ಗಿರಿಜಕ್ಕ ಬಾದಾಮಿಯ ತಮ್ಮನ ಜಿಮ್‌ನಲ್ಲಿ ಆಡಿದ ಮಾತನ್ನು ಯಾರೋ ಕಿವಿಗೆ ಹಾಕಿಕೊಂಡು ಬಂಡವಾಳ ಮಾಡಿಕೊಂಡಿದ್ದರು.

ಕಾವೇರಿಯ ಮುಖ ಬಿಳಿಚಿತು. "ಅಕ್ಕಾರ, ನನ್ನ ಹತ್ತನೇತ್ತೇದು, ಪಿಯುಸೀದು, ಎಲ್ಲಾ ಅವ್ರ ಕಡೇನ ಅದಾವ್ರಿ" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು.

ಗಿರಿಜಕ್ಕ ಬ್ಯಾಚನ್ನು ಅಜ್ಜಿಯರ ಮೇಲೆಯೇ ಬಿಟ್ಟು ಕಾರಿನ ಬೀಗದಕೈ ತೆಗೆದುಕೊಂಡರು. ಹೆದ್ದಾರಿಯಲ್ಲಿ ಸ್ಟೀರಿಂಗ್ ಹಿಡಿದುಕೊಂಡೇ ತಮ್ಮ ಕಥೆ ಹೇಳಿದರು. ಮಗ್ಗದ ಮನೆಯ ಸೊಸೆಯಾಗಿ ವರ್ಷಗಟ್ಟಲೆ ಕಂಡಿಕೆಗೆ ನೂಲು ಸುತ್ತಿ ಹೆಗಲು ಎತ್ತಲಾಗದಂತಾಗಿತ್ತು. ಬಾದಾಮಿಯಲ್ಲಿ ತಮ್ಮನ ಹತ್ತಿರ ವ್ಯಾಯಾಮ ಮಾಡಿ ಕೈ ಮತ್ತೆ ತಲೆಯ ಮೇಲೆ ಹೋಯಿತು. ಓಣಿಯ ಹೆಂಗಸರಿಗೂ ಅದೇ ನೋವು ಎಂದು ಈ ಜಿಮ್ ತೆಗೆದರು. ಆ ಅವಸರದಲ್ಲೂ ನನ್ನನ್ನು ಕೇಳಿದರು: "ಮೊಣಕಾಲ ನೋವು ಅಂತ ಬಂದಾಕಿಗೆ ಮೊದಲ ಏನ್ ಮಾಡಸ್ತೀರಿ?"

"ಮೊದಲ ಏನೂ ಮಾಡಸೂದಿಲ್ರಿ. ಬಿಪಿ, ಶುಗರ್, ಹಳೇ ಪೆಟ್ಟು ಕೇಳ್ತೇನಿ. ಆಮ್ಯಾಲ ಕುರ್ಚಿ ಮ್ಯಾಲಿಂದ ಸಾವಕಾಶ ಎದ್ದು ಕೂಡಸ್ತೇನಿ."

ಅವರು ತಲೆಯಾಡಿಸಿದರು. ಆ ಕೆಲಸಕ್ಕೆ ನನ್ನನ್ನು ಮೊದಲ ಸಲ ಯಾರಾದರೂ ಪರೀಕ್ಷಿಸಿದ್ದು ಅದೇ.

ಹುನಗುಂದದ ಕೋಣೆಯಲ್ಲಿ ಆ ಮನುಷ್ಯ ಚೀಲ ತುಂಬಿಕೊಳ್ಳುತ್ತಿದ್ದರು. ಗಿರಿಜಕ್ಕ ಬಾಗಿಲಲ್ಲಿ ನಿಂತರು. ಗದ್ದಲ ಕೇಳಿ ಕೆಳಗಿನ ಜೆರಾಕ್ಸ್ ಅಂಗಡಿಯವರೂ ಮೇಲೆ ಬಂದರು. ಅತ್ತೆ ನೇರ ಹೋಗಿ ಆ ಮನುಷ್ಯನ ಎದುರಿನ ಕುರ್ಚಿಯಲ್ಲಿ ಕುಳಿತರು.

"ಬೀರಪ್ಪನ ಹೆಸರು ಹೇಳಿದ್ದಿ. ನಾ ನಂಬಿದ್ನೆಪ್ಪಾ, ನನ್ನ ಸೊಸೀನ್ನೂ ಬೈದೆ. ಈಗ ಆ ಹುಡುಗೀ ಕಾಗದ ಕೊಡು. ಅದನ್ನ ತಗೊಂಡ ನಾ ಏಳ್ತೇನಿ."

ಅವರ ದನಿ ಏರಿರಲಿಲ್ಲ. ಆ ಮನುಷ್ಯ ಅತ್ತಿತ್ತ ನೋಡಿದರು, ಕಂಪನಿ ಗಿಂಪನಿ ಎಂದು ಏನೋ ಹೇಳಹೊರಟರು, ಅರ್ಧಕ್ಕೆ ನಿಲ್ಲಿಸಿದರು. ಆಮೇಲೆ ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದು ಟೇಬಲ್ಲಿನ ಮೇಲಿಟ್ಟರು. ಅದರಲ್ಲಿ ಕಾವೇರಿಯದಷ್ಟೇ ಅಲ್ಲ, ಇನ್ನೂ ಮೂವರು ಹೆಣ್ಣುಮಕ್ಕಳ ಅಂಕಪಟ್ಟಿಗಳಿದ್ದವು. ಜೆರಾಕ್ಸ್ ಅಂಗಡಿಯವರು ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಆ ಮನುಷ್ಯನನ್ನು ಕರೆದೊಯ್ದ ಮೇಲೆ ಠಾಣೆಯಲ್ಲಿ ನಾವು ನಡೆದದ್ದನ್ನು ಬರೆದುಕೊಟ್ಟು, ಕಾವೇರಿಯ ಅಂಕಪಟ್ಟಿಗಳನ್ನು ತೆಗೆದುಕೊಂಡೆವು. ಉಳಿದ ಮೂವರಿಗೂ ಅವರ ಅಂಕಪಟ್ಟಿಗಳು ತಲುಪಿದವೆಂದು ಮುಂದೆ ತಿಳಿಯಿತು.

ನಿಲ್ದಾಣದವರೆಗೆ ಗಿರಿಜಕ್ಕನೇ ಬಿಟ್ಟರು. ಅವರ ಮಾತು ಸರಳವಾಗಿತ್ತು. ಬೇಸಿಗೆ ಸೂಟಿಯಲ್ಲಿ ಬಂದು ಒಂದು ವಾರ ಬ್ಯಾಚ್ ನಡೆಸಿ ತೋರಿಸಬೇಕು, ಹಿಡಿಸಿದರೆ ಇಬ್ಬರೂ ಕೂತು ಮಾತಾಡೋಣ, ಅಲ್ಲಿಯತನಕ ಸಾಲಿ ಬಿಡಬೇಡಿ. ಹೇಳಿದ ಸಂಬಳ ಫೋನಿನವರು ಹೇಳಿದ್ದಕ್ಕಿಂತ ಬಹಳ ಕಡಿಮೆ. ಜೆರಾಕ್ಸ್ ಪ್ರತಿ ಸಾಕು ಎಂದರು. ಬೇಸಿಗೆಯಲ್ಲಿ ನಾನು ಹಾಗೆಯೇ ಮಾಡಿದೆ. ಈಗ ನಾವು ಇಳಕಲ್‌ನಲ್ಲೇ ಇದ್ದೇವೆ. ಕಾವೇರಿ ಮೊದಲು ಅಲ್ಲಿ ಸಹಾಯಕಿಯಾಗಿ ಸೇರಿದಳು, ಈಗ ಸಂಜೆಯ ಬ್ಯಾಚನ್ನು ಒಬ್ಬಳೇ ನೋಡಿಕೊಳ್ಳುತ್ತಾಳೆ.

ಆದರೆ ಆ ಸಂಜೆ ಇದಾವುದೂ ನಮಗೆ ಗೊತ್ತಿರಲಿಲ್ಲ. ಬಾಗಲಕೋಟೆಯ ಬಸ್ಸು ಬಂದು ನಿಂತಾಗ ಕಾವೇರಿ ಬಾಗಿ ಅತ್ತೆಯ ಕಾಲು ಮುಟ್ಟಲು ಹೋದಳು. ಅತ್ತೆ ಅವಳ ರಟ್ಟೆ ಹಿಡಿದು ಎತ್ತಿದರು.

"ಬ್ಯಾಡವ್ವಾ. ನಾನೂ ಅವನ್ನ ನಂಬಿದಾಕಿನ. ಗುರುತಿಲ್ಲದವರ ಜೋಡಿ ಎದ್ದು ಬರಾಕ ಧೈರ್ಯ ಮಾಡಿದಾಕಿ ನೀ."

ಬಸ್ಸು ಹೊರಟಿತು. ಅತ್ತೆ ನನ್ನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಕಂಬಳಿಯನ್ನು ಇಬ್ಬರ ಮೇಲೂ ಎಳೆದರು. ನಾನು ಕಿಟಕಿಯಿಂದ ತಿರುಗಿ ನೋಡಿದೆ. ನಿಲ್ದಾಣದ ದೀಪದ ಕೆಳಗೆ ಅಣ್ಣನ ದಾರಿ ಕಾಯುತ್ತಿದ್ದ ಕಾವೇರಿ ಅಂಕಪಟ್ಟಿಯನ್ನು ಕವರಿನಿಂದ ಹೊರತೆಗೆದು, ಅದರ ಮೇಲಿದ್ದ ತನ್ನ ಹೆಸರನ್ನು ಬೆರಳಿಟ್ಟು ಓದಿಕೊಳ್ಳುತ್ತಿದ್ದಳು.